ಅಟ್ಟದ ಮೆಟಲ್ ಡಿಟೆಕ್ಟರ್ ಮತ್ತೆ ಕೂಗಲಿ: ಹಳೆಯ ಲೋಹಶೋಧಕವನ್ನು ಗುರುತಿಸಿ, ರಿಪೇರಿ ಮಾಡಿ, ಬಳಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಳೆಯ ಮಿಕ್ಸಿ, ಕೈಕೊಟ್ಟ ಡ್ರಿಲ್ಲಿಂಗ್ ಮೆಷಿನ್, ಮುಚ್ಚಳವಿಲ್ಲದ ಕ್ಯಾಮೆರಾಗಳ ನಡುವೆ ಎಂದಾದರೊಮ್ಮೆ ಉದ್ದನೆಯ ಅಲ್ಯೂಮಿನಿಯಂ ಕೋಲೊಂದು ಕಣ್ಣಿಗೆ ಬೀಳುತ್ತದೆ. ಅದರ ಒಂದು ತುದಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಪ್ಲಾಸ್ಟಿಕ್ ಬಿಲ್ಲೆ, ಇನ್ನೊಂದು ತುದಿಯಲ್ಲಿ ಎರಡು ಮೂರು ತಿರುಪುಗಳಿರುವ (ನಾಬ್) ತಗಡಿನ ಪೆಟ್ಟಿಗೆ ಇರುತ್ತವೆ. ಮಾರುವವರು ಅದನ್ನು ‘ಬಾಂಬ್ ಚೆಕ್ ಮಾಡೋ ಮಿಷನ್ನು’ ಎನ್ನುತ್ತಾರೆ; ಪಕ್ಕದಲ್ಲಿ ನಿಂತವರು ‘ನಿಧಿ ಹುಡುಕೋದು’ ಎಂದು ಪಿಸುಗುಟ್ಟುತ್ತಾರೆ. ನನ್ನ ಸೋದರಮಾವ ಮಲ್ಲೇಶ್ವರದ ಮನೆಯ ಹಿತ್ತಿಲಿನಲ್ಲಿ ಇಂಥದ್ದೇ ಒಂದನ್ನು ಪ್ಲೈವುಡ್ ಹಲಗೆಯ ಮೇಲೆ ತಾವೇ ಜೋಡಿಸಿಕೊಂಡು, ಅತ್ತೆಯ ಕಳೆದುಹೋದ ಓಲೆಯ ತಿರುಪಿಗಾಗಿ ಇಡೀ ಭಾನುವಾರ ತುಳಸಿಕಟ್ಟೆಯ ಸುತ್ತ ತಿರುಗಿದ್ದರು. ತಿರುಪು ಸಿಗಲಿಲ್ಲ, ಒಂದು ಕುದುರೆಲಾಳ ಸಿಕ್ಕಿತು. ಆ ಯಂತ್ರದ ಕೊಟಕೊಟ ಸದ್ದು ಮಾತ್ರ ನನ್ನ ಕಿವಿಯಲ್ಲಿ ಇನ್ನೂ ಇದೆ. ಇಂದಿನ ಯಂತ್ರಗಳು ಪರದೆಯ ಮೇಲೆ ಅಂಕಿ ತೋರಿಸಿ ಲೋಹ ಯಾವುದೆಂದು ತಾವೇ ಊಹಿಸುತ್ತವೆ. ಹಳೆಯದು ಸದ್ದನ್ನಷ್ಟೇ ಕೊಟ್ಟು ಉಳಿದದ್ದನ್ನು ನಮ್ಮ ಕಿವಿಗೆ ಬಿಡುತ್ತದೆ. ಅಂಥದ್ದೊಂದು ನಿಮ್ಮ ಕೈಗೆ ಬಂದಿದ್ದರೆ, ಅದರ ಹಳೆತನ ಕೆಡದಂತೆ ಮತ್ತೆ ಕೂಗಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಎಲ್ಲಕ್ಕಿಂತ ಮೊದಲು ಕಾನೂನು

ಕನ್ನಡನಾಡಿನಲ್ಲಿ ಈ ಉಪಕರಣ ಹಿಡಿದು ಹೊರಟವರನ್ನು ಜನ ಅನುಮಾನದಿಂದ ನೋಡುವುದಕ್ಕೆ ಕಾರಣವಿದೆ. ಅಂಜನ ಹಾಕಿಸಿ, ಕೊಪ್ಪರಿಗೆ ಹೊನ್ನಿನ ಆಸೆಯಿಂದ ಪಾಳುಗುಡಿಗಳ ಗರ್ಭಗುಡಿ ಅಗೆದು, ನಂದಿಯ ವಿಗ್ರಹ ಒಡೆದು, ವೀರಗಲ್ಲುಗಳನ್ನು ಕಿತ್ತೆಸೆದ ನಿಧಿಗಳ್ಳರ ಸುದ್ದಿಯನ್ನು ನಾವೆಲ್ಲ ಓದಿದವರೇ. 1878ರ ಭಾರತೀಯ ನಿಧಿ ಕಾಯ್ದೆಯೇ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದರೆ ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕೆಂದು ವಿಧಿಸಿತ್ತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ಕಾಯ್ದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಲೋಹದ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಆದುದರಿಂದ ಕೋಟೆ, ಗುಡಿ, ಕೆರೆಯಂಗಳ, ಕಬ್ಬನ್ ಪಾರ್ಕ್, ಲಾಲ್‌ಬಾಗ್ ಇವುಗಳ ಕಡೆಗೆ ಯಂತ್ರ ಹಿಡಿದು ಹೋಗಲೇಬೇಡಿ. ನಿಮ್ಮ ಹಿತ್ತಿಲು, ಅಥವಾ ಮಾಲೀಕರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟ ತೋಟ, ಇವೆರಡೇ ಸಾಕು. 1891ರಲ್ಲಿ ಯಶವಂತಪುರದಲ್ಲಿ ರೈಲು ಕಾಮಗಾರಿಯ ವೇಳೆ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಅಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನ ಆ ನಾಣ್ಯಗಳಿಗೆ ಇತಿಹಾಸದಲ್ಲಿ ಬೆಲೆ ಬಂದದ್ದು ಅವು ಒಂದೇ ನೆಲದಲ್ಲಿ, ಒಂದೇ ಗಂಟಾಗಿ ದಾಖಲಾದುದರಿಂದ. ಯಾರೋ ಒಂದೊಂದಾಗಿ ಹೆಕ್ಕಿ ಜೇಬಿಗಿಳಿಸಿದ್ದರೆ ಅವು ಬರಿಯ ಬೆಳ್ಳಿಯ ತೂಕಕ್ಕೆ ಕರಗಿಹೋಗುತ್ತಿದ್ದವು.

ಮೊದಲನೆಯ ಹಂತ: ನಿಮ್ಮ ಕೈಯಲ್ಲಿರುವುದು ಯಾವ ಜಾತಿಯದು?

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೈಯಲ್ಲಿ ಸೇರಿದ್ದ ಗುಂಡನ್ನು ಪತ್ತೆ ಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಸಮತೋಲವನ್ನು ಆಧರಿಸಿದ ಉಪಕರಣವನ್ನು ತಂದು ಸೋತರು. ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗುಗಳು ದಾರಿ ತಪ್ಪಿಸಿದವು ಎಂಬ ವಿವರಣೆ ಪ್ರಸಿದ್ಧವಾಗಿದೆ. 1930ರ ದಶಕದಲ್ಲಿ ಗೆರ್ಹಾರ್ಡ್ ಫಿಶರ್ ಲೋಹಶೋಧಕಕ್ಕೆ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ರೂಪಿಸಿದ, ಸುಮಾರು 14 ಕಿಲೋ ತೂಗುವ ಮೈನ್ ಶೋಧಕವನ್ನು ಸೈನಿಕರು 1942ರಲ್ಲಿ ಈಜಿಪ್ಟಿನ ಎಲ್ ಅಲಮೀನ್‌ನ ಮರಳಿನಲ್ಲಿ ಹೊತ್ತು ನಡೆದರು. ಯುದ್ಧ ಮುಗಿದ ಮೇಲೆ ಸೇನೆಯ ಮಿಗತೆ ಸಾಮಾನು ಹವ್ಯಾಸಿಗಳ ಕೈಗೆ ಬಂತು. ಒರೆಗಾನ್‌ನ ವೈಟ್ಸ್, ಟೆಕ್ಸಾಸ್‌ನ ಗ್ಯಾರೆಟ್, ಇಂಗ್ಲೆಂಡಿನ ಸಿ-ಸ್ಕೋಪ್ ಮುಂತಾದ ಹೆಸರುಗಳು ಪೆಟ್ಟಿಗೆಯ ಮೇಲೆ ಕಂಡರೆ ಅದು ಆ ನಂತರದ ಕಾಲದ್ದೆಂದು ತಿಳಿಯಿರಿ. ಹೆಸರೇ ಇಲ್ಲದ, ಮನೆಯಲ್ಲೇ ಜೋಡಿಸಿದ ಪೆಟ್ಟಿಗೆ ಸಿಕ್ಕರೆ ನಾನಂತೂ ಅದನ್ನೇ ಆರಿಸಿಕೊಳ್ಳುತ್ತೇನೆ, ಏಕೆಂದರೆ ಅದರೊಳಗೆ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯ ಟ್ರಾನ್ಸಿಸ್ಟರ್ ಕಾಣಿಸುವ ಸಂಭವವಿರುತ್ತದೆ. ಬಿಇಎಲ್ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ತಯಾರಿಕೆಯನ್ನು ಆರಂಭಿಸಿತ್ತು.

ಜಾತಿಯನ್ನು ಗುರುತಿಸಲು ತಿರುಪುಗಳನ್ನೂ, ಬಿಲ್ಲೆಯೊಳಗಿನ ತಂತಿಸುರುಳಿಗೆ (ಕಾಯಿಲ್) ಹೋಗುವ ಕೇಬಲನ್ನೂ ನೋಡಿ. ‘ಟ್ಯೂನ್’ ಮತ್ತು ‘ವಾಲ್ಯೂಮ್’ ಎರಡೇ ಇದ್ದು, ಕೇಬಲಿನಲ್ಲಿ ಎರಡೇ ಎಳೆಗಳಿದ್ದರೆ ಅದು ಬಹುತೇಕ ಬಿಎಫ್ಒ (ಬೀಟ್ ಫ್ರೀಕ್ವೆನ್ಸಿ ಆಸಿಲೇಟರ್), ಅಂದರೆ ವಿದ್ಯುತ್ ಕಂಪನ ಹುಟ್ಟಿಸುವ ಎರಡು ಆಸಿಲೇಟರ್‌ಗಳ ಆವರ್ತಗಳ (ಫ್ರೀಕ್ವೆನ್ಸಿ) ವ್ಯತ್ಯಾಸವನ್ನು ಕಿವಿಗೆ ಕೇಳಿಸುವ ಬಗೆ. ಕೇಬಲಿನಲ್ಲಿ ನಾಲ್ಕು ಅಥವಾ ಹೆಚ್ಚು ಎಳೆಗಳಿದ್ದು, ಬಿಲ್ಲೆಯೊಳಗೆ ಕಳುಹಿಸುವ ಸುರುಳಿ ಬೇರೆ, ಹಿಡಿಯುವ ಸುರುಳಿ ಬೇರೆ ಇದ್ದರೆ ಅದು ಟಿಆರ್ (ಟ್ರಾನ್ಸ್‌ಮಿಟ್-ರಿಸೀವ್). ಅದರ ಜೊತೆಗೆ ‘ಗ್ರೌಂಡ್’ ಎಂಬ ತಿರುಪೂ ಇದ್ದರೆ 1970ರ ದಶಕದಲ್ಲಿ ಬಳಕೆಗೆ ಬಂದ ವಿಎಲ್ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಬಗೆಯೆಂದು ಊಹಿಸಬಹುದು. ಬ್ಯಾಟರಿಯೂ ಇಲ್ಲದೆ, ಸರ್ಕ್ಯೂಟೂ ಇಲ್ಲದೆ, ಹಿಡಿಯಿಂದ ಎರಡು ಕಡ್ಡಿಗಳು ಮಾತ್ರ ಹೊರಚಾಚಿರುವ ‘ದೂರದಿಂದಲೇ ಚಿನ್ನ ತೋರಿಸುವ’ ಯಂತ್ರ ಸಿಕ್ಕರೆ ಅದನ್ನು ಅಲ್ಲೇ ಇಟ್ಟುಬಿಡಿ. ಅದು ಶುದ್ಧ ಮೋಸ, ಹಳೆಯದಾದ ಮಾತ್ರಕ್ಕೆ ಮರ್ಯಾದಸ್ಥವಾಗುವುದಿಲ್ಲ.

ಮುಂದಿನ ವಿವರಣೆ ಹೆಚ್ಚಾಗಿ ಬಿಎಫ್ಒ ಕುರಿತದ್ದು. ಅದು ಮೂವರಲ್ಲಿ ಸರಳ, ದುರ್ಬಲ. ನನಗೆ ಪ್ರಿಯವಾದುದೂ ಅದೇ.

ಎರಡನೆಯ ಹಂತ: ಕರೆಂಟು ಕೊಡುವ ಮುನ್ನ

ಮನೆಗೆ ತಂದ ಕೂಡಲೇ ಬ್ಯಾಟರಿ ಹಾಕಿ ನೋಡುವ ಆತುರವನ್ನು ಅದುಮಿಡಿ. ಮೊದಲು ಬ್ಯಾಟರಿಯ ಗೂಡನ್ನು ತೆರೆದು, ಒಳಗೆ ಸೆಲ್ ಸೋರಿದ ಗುರುತಿದೆಯೇ ಎಂದು ನೋಡಬೇಕು. ಹಳೆಯ ಜಿಂಕ್-ಕಾರ್ಬನ್ ಸೆಲ್ಲುಗಳ ಸೋರಿಕೆ ಆಮ್ಲೀಯವಾದುದು, ಅದಕ್ಕೆ ನೀರಿನಲ್ಲಿ ಕಲಸಿದ ಅಡುಗೆ ಸೋಡಾ ತಕ್ಕುದು. ಆಲ್ಕಲೈನ್ ಸೆಲ್ ಸೋರಿದ್ದರೆ ಬಿಳಿಯ ಪುಡಿ ಕೂತಿರುತ್ತದೆ, ಅದಕ್ಕೆ ಹತ್ತಿಯಲ್ಲಿ ಅದ್ದಿದ ವಿನೆಗರ್ ಅಥವಾ ನಿಂಬೆರಸ ಬೇಕು. ಎರಡನ್ನೂ ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ. ತಾಮ್ರದ ತಂತಿಗೆ ಹಸಿರು ಕಿಲುಬು ಹತ್ತಿದ್ದರೆ ಅದು ಪ್ಲಾಸ್ಟಿಕ್ ಹೊದಿಕೆಯ ಒಳಗೂ ಸಾಕಷ್ಟು ದೂರ ಹರಿದಿರುತ್ತದೆ. ಅಂಥ ತಂತಿಯನ್ನು ಕೆರೆಯುವುದಕ್ಕಿಂತ ಬದಲಾಯಿಸುವುದೇ ಲೇಸು.

ಈಗ ಧ್ರುವಗಳ ಮಾತು. ಇಲ್ಲಿ ನಾನು ತಪ್ಪಿ ಬಿದ್ದಿದ್ದೇನೆ. ಎಸಿ128ರಂಥ ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ಬಳಸಿದ ಹಳೆಯ ಸರ್ಕ್ಯೂಟುಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಪ್ಲಸ್ ತುದಿಯೇ ಪೆಟ್ಟಿಗೆಯ ತಗಡಿಗೆ ಸೇರಿರುತ್ತದೆ. ತಗಡಿಗೆ ಸೇರಿದ ತಂತಿ ಮೈನಸ್ಸೇ ಇರಬೇಕು ಎಂಬ ಇಂದಿನ ರೂಢಿಯನ್ನು ನಂಬಿ ನಾನು ನನ್ನ ಮೊದಲ ಪೆಟ್ಟಿಗೆಗೆ ಬ್ಯಾಟರಿಯನ್ನು ತಿರುಗಾಮುರುಗಾ ಜೋಡಿಸಿದೆ. ಹೊಗೆಯೂ ಬರಲಿಲ್ಲ, ವಾಸನೆಯೂ ಬರಲಿಲ್ಲ. ಬೆರಳಿಟ್ಟರೆ ಟ್ರಾನ್ಸಿಸ್ಟರಿನ ಪುಟ್ಟ ಲೋಹದ ಟೋಪಿ ಕಾಫಿ ಲೋಟದಷ್ಟು ಬಿಸಿಯಾಗಿತ್ತು, ಅಷ್ಟೇ. ಆದುದರಿಂದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ (ಪ್ಲಸ್-ಮೈನಸ್ ಗುರುತಿರುವ ಪುಟ್ಟ ಡಬ್ಬಿಗಳು) ಮೇಲಿನ ಗುರುತು ಯಾವ ಕಡೆಗಿದೆ ಎಂಬುದನ್ನು ನೋಡಿ, ಧ್ರುವವನ್ನು ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಮೊದಲ ಸಲ ಕರೆಂಟು ಕೊಡುವಾಗ ಬ್ಯಾಟರಿಯ ಸಾಲಿನಲ್ಲಿ 100 ಓಮ್ ರೆಸಿಸ್ಟರ್ ಒಂದನ್ನು ಸೇರಿಸಿದರೆ, ಒಳಗೆ ಶಾರ್ಟ್ ಇದ್ದರೂ ಅನಾಹುತ ಆಗದು.

ಬ್ರಿಟನ್ನಿನ ಪೆಟ್ಟಿಗೆಗಳು ಕೇಳುವ ಪಿಪಿ9ರಂಥ ದಪ್ಪ 9 ವೋಲ್ಟ್ ಬ್ಯಾಟರಿಯನ್ನು ಹುಡುಕುತ್ತ ಅಲೆಯಬೇಕಿಲ್ಲ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಆರು ಎಎ ಸೆಲ್ಲುಗಳ ಹೋಲ್ಡರ್ ಕೊಂಡರೆ ಆರು ಒಂದೂವರೆ ಸೇರಿ 9 ವೋಲ್ಟ್ ಆಯಿತು. ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂನ 9 ವೋಲ್ಟ್ ಬ್ಯಾಟರಿಯನ್ನು ಮಾತ್ರ ಹಾಕಬೇಡಿ. ಅದರೊಳಗಿನ ವೋಲ್ಟೇಜ್ ಏರಿಸುವ ಸರ್ಕ್ಯೂಟಿನ ಗದ್ದಲ ಯಂತ್ರದ ಕಿವಿಗೇ ಬಡಿದು, ದೋಷ ಎಲ್ಲಿದೆ ಎಂದು ನೀವು ವಾರಗಟ್ಟಲೆ ಹುಡುಕುವಂತಾಗುತ್ತದೆ.

ಮೂರನೆಯ ಹಂತ: ಸರ್ಕ್ಯೂಟು

ಬೆಸುಗೆ ಹಚ್ಚುವ ಮುನ್ನ ಎಲ್ಲ ಕೋನಗಳಿಂದಲೂ ಫೋಟೋ ತೆಗೆದಿಡಿ. ಬಳಿಕ ವಾಲ್ಯೂಮ್, ಟ್ಯೂನ್ ತಿರುಪುಗಳಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಇಪ್ಪತ್ತು ಸಲ ತಿರುಗಿಸಿ. ಕರಕರ ಎನ್ನುವ ದೋಷಗಳಲ್ಲಿ ಅರ್ಧದಷ್ಟು ಇಷ್ಟಕ್ಕೇ ಹೋಗುತ್ತವೆ. ತುಕ್ಕಿನ ಬೀಗಕ್ಕೆ ಹೊಡೆಯುವ ಎಣ್ಣೆಯ ಸ್ಪ್ರೇ ಇಲ್ಲಿಗೆ ಸಲ್ಲದು.

ಬದಲಾಯಿಸಬೇಕಾದುವು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು. ಐವತ್ತು ವರ್ಷಗಳಲ್ಲಿ ಅವು ಒಳಗೇ ಒಣಗಿರುತ್ತವೆ. ಮುಟ್ಟಬಾರದವು ಆಸಿಲೇಟರ್‌ನ ಅಕ್ಕಪಕ್ಕ ಕೂತಿರುವ ಪಾರದರ್ಶಕ ಪಾಲಿಸ್ಟೈರೀನ್ ಕೆಪಾಸಿಟರ್‌ಗಳು. ಅವು ಆವರ್ತವನ್ನು ಸ್ಥಿರವಾಗಿ ಹಿಡಿದಿಡುತ್ತವೆ, ಆದರೆ ಬೆಸುಗೆಯ ಶಾಖ ತಗುಲಿದರೆ ಮೇಣದಂತೆ ಕುಗ್ಗುತ್ತವೆ. ಜರ್ಮೇನಿಯಂ ಟ್ರಾನ್ಸಿಸ್ಟರೂ ಶಾಖಕ್ಕೆ ಹೆದರುವ ಜೀವ. 25 ವಾಟ್‌ನ ಸೋಲ್ಡರಿಂಗ್ ಐರನ್ ಬಳಸಿ, ಟ್ರಾನ್ಸಿಸ್ಟರಿನ ಕಾಲನ್ನು ಮೂತಿ ಚೂಪಾದ ಇಕ್ಕಳದಿಂದ ಹಿಡಿದುಕೊಂಡರೆ ಶಾಖ ಇಕ್ಕಳಕ್ಕೆ ಇಳಿಯುತ್ತದೆ. ಎಎಫ್114ರಿಂದ ಎಎಫ್117ರವರೆಗಿನ ನಾಲ್ಕು ಕಾಲಿನ ಟ್ರಾನ್ಸಿಸ್ಟರ್ ಇದ್ದು, ಯಂತ್ರ ಸತ್ತಂತೆ ಬಿದ್ದಿದ್ದರೆ, ಅದರ ಲೋಹದ ಕವಚದೊಳಗೆ ಕೂದಲಿಗಿಂತ ತೆಳುವಾದ ತವರದ ಎಳೆಗಳು ಬೆಳೆದು ಶಾರ್ಟ್ ಮಾಡಿರಬಹುದು. ಕವಚಕ್ಕೆ ಸೇರಿದ ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಎಷ್ಟೋ ಸಲ ಅದು ಎದ್ದು ಕೂರುತ್ತದೆ.

ಆಸಿಲೇಟರ್ ನಡೆಯುತ್ತಿದೆಯೇ ಎಂದು ತಿಳಿಯಲು ಆಸಿಲೋಸ್ಕೋಪ್ ಬೇಕಿಲ್ಲ, ಒಂದು ಮೀಡಿಯಂ ವೇವ್ ರೇಡಿಯೋ ಸಾಕು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್‌ನಲ್ಲಿದೆ. ಕಾಯಿಲ್ ಪಕ್ಕದಲ್ಲಿ ರೇಡಿಯೋ ಇಟ್ಟು ಆ ನಿಲ್ದಾಣ ಹಿಡಿದು, ಡಿಟೆಕ್ಟರ್‌ನ ಟ್ಯೂನ್ ತಿರುಪನ್ನು ಮೆಲ್ಲಗೆ ತಿರುಗಿಸಿದಾಗ ವಾರ್ತೆಯ ನಡುವೆ ಸಿಳ್ಳೆ ಎದ್ದರೆ, ಯಂತ್ರದ ಆವರ್ತದ ಯಾವುದೋ ಮಡಿಕೆ (ಎರಡು, ಮೂರು, ನಾಲ್ಕು ಪಟ್ಟಿನಂಥ ಹಾರ್ಮೋನಿಕ್) ಅಲ್ಲಿಗೆ ಬಿದ್ದಿದೆ ಎಂದರ್ಥ. ಉದಾಹರಣೆಗೆ ಆಸಿಲೇಟರ್ 102 ಕಿಲೋಹರ್ಟ್ಸ್‌ನಲ್ಲಿದ್ದರೆ ಅದರ ಆರನೆಯ ಮಡಿಕೆ ಸರಿಯಾಗಿ 612. ತಿರುಪನ್ನು ಹಾಗೆಯೇ ಬಿಟ್ಟು ರೇಡಿಯೋದ ಮುಳ್ಳನ್ನು ಮುಂದಕ್ಕೆ ಸರಿಸಿ, ಮುಂದಿನ ಗುರುತು 714ರ ಬಳಿ ಸಿಕ್ಕಿದರೆ, ಎರಡರ ನಡುವಿನ ಅಂತರವಾದ 102 ನಿಮ್ಮ ಯಂತ್ರದ ಮೂಲ ಆವರ್ತ. ತಿರುಪು ನಡೆಸುವುದು ಕಾಯಿಲ್‌ನ ಆಸಿಲೇಟರನ್ನೋ ಒಳಗಿನದನ್ನೋ ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಎರಡೂ ಹೆಚ್ಚುಕಡಿಮೆ ಒಂದೇ ಕಡೆ ನಡೆಯುವುದರಿಂದ ಈ ಪರೀಕ್ಷೆಗೆ ತೊಂದರೆಯಿಲ್ಲ.

ನಾಲ್ಕನೆಯ ಹಂತ: ಕಾಯಿಲ್

ಮಲ್ಟಿಮೀಟರಿನಲ್ಲಿ ಕಾಯಿಲ್ ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಕೇಬಲು ಬಿಲ್ಲೆಯೊಳಗೆ ಹೋಗುವ ಜಾಗವನ್ನು ಬಾಗಿಸಿ ನೋಡಿ. ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಬಿಲ್ಲೆಯಲ್ಲಿ ಬಿರುಕಿದ್ದು ನೀರು ಸೇರಿದ್ದರೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ವಾರ ಇಟ್ಟು, ಆಮೇಲೆ ಎಪಾಕ್ಸಿಯಿಂದ ಮುಚ್ಚಿ. ಸುಡುಬಿಸಿಲಿನಲ್ಲಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು ಬರಿಗೈಯನ್ನು ಕಾಯಿಲ್ ಹತ್ತಿರ ತನ್ನಿ. ಸ್ವರ ಬಹಳ ಓಲಾಡಿದರೆ ಸುರುಳಿಯ ಸುತ್ತಲಿನ ಕವಚ, ಅಂದರೆ ಅಲ್ಯೂಮಿನಿಯಂ ಹಾಳೆ ಅಥವಾ ಗ್ರಾಫೈಟ್ ಬೆರೆಸಿದ ಬಣ್ಣದ ಪದರ, ಸಂಪರ್ಕ ಕಳೆದುಕೊಂಡಿದೆ. ಇಂಥ ಯಂತ್ರ ಒದ್ದೆ ಹುಲ್ಲು ತಾಗಿದರೂ ಲೋಹ ಸಿಕ್ಕಿತೆಂದು ಕೂಗುತ್ತದೆ. ಹೊಸದಾಗಿ ಹಾಳೆ ಸುತ್ತುವಾಗ ಅದರ ಎರಡು ತುದಿಗಳು ಒಂದಕ್ಕೊಂದು ಮುಟ್ಟದಂತೆ ಒಂದು ಸೆಂಟಿಮೀಟರ್ ಜಾಗ ಬಿಡಲೇಬೇಕು. ಮುಟ್ಟಿದರೆ ಹಾಳೆಯೇ ಮುಚ್ಚಿದ ಬಳೆಯಾಗಿ, ಯಂತ್ರ ತನ್ನ ಮೈಮೇಲಿನ ಲೋಹವನ್ನೇ ಹುಡುಕತೊಡಗುತ್ತದೆ. ಟಿಆರ್ ಮತ್ತು ವಿಎಲ್ಎಫ್ ಬಿಲ್ಲೆಗಳನ್ನು ಬಿಚ್ಚಲು ಹೋಗಬೇಡಿ. ಅವುಗಳ ಎರಡು ಸುರುಳಿಗಳು ಒಂದರ ಪ್ರಭಾವ ಇನ್ನೊಂದಕ್ಕೆ ತಾಗದ ಜಾಗದಲ್ಲಿ ಕೂತಿರುತ್ತವೆ. ಕೂದಲೆಳೆಯಷ್ಟು ಸರಿದರೂ ಆ ಸಮತೋಲವನ್ನು ಮತ್ತೆ ತರುವುದು ಮನೆಯ ಮೇಜಿನ ಮೇಲೆ ಆಗದ ಕೆಲಸ.

ಐದನೆಯ ಹಂತ: ಕಿವಿಯನ್ನು ಪಳಗಿಸುವುದು

ಯಂತ್ರ ಆನ್ ಮಾಡಿ ಹತ್ತು ನಿಮಿಷ ಬಿಡಿ. ಟ್ಯೂನ್ ತಿರುಗಿಸಿದಂತೆ ಚೀರುಸ್ವರ ಕ್ರಮೇಣ ಇಳಿದು, ಗೊಗ್ಗರಾಗಿ, ಕೊಟಕೊಟ ಎಂದು, ಕೊನೆಗೆ ಪೂರ್ತಿ ನಿಲ್ಲುತ್ತದೆ. ಮುಂದೆ ತಿರುಗಿಸಿದರೆ ಮತ್ತೆ ಏರುತ್ತದೆ. ಕೆಲಸ ಮಾಡಬೇಕಾದ ಜಾಗ ನಿಂತ ಬಿಂದುವಿನ ಮಗ್ಗುಲಲ್ಲಿರುವ ಆ ಕೊಟಕೊಟ. ಕಾರಣ ಸರಳ: ಒಂದು ನಾಣ್ಯ ಆವರ್ತವನ್ನು 5 ಹರ್ಟ್ಸ್‌ನಷ್ಟು ಬದಲಿಸಿತು ಎಂದಿಟ್ಟುಕೊಳ್ಳಿ. 500 ಇದ್ದದ್ದು 505 ಆದರೆ ಪಳಗದ ಕಿವಿಗೆ ಅದು ತಟ್ಟನೆ ತಿಳಿಯುವುದು ಕಷ್ಟ. ಸೆಕೆಂಡಿಗೆ ಹತ್ತು ಬಡಿತ ಇದ್ದದ್ದು ಹದಿನೈದಾದರೆ ಮಗುವಿಗೂ ತಿಳಿಯುತ್ತದೆ.

ತಾಮ್ರ, ಬೆಳ್ಳಿ, ಅಲ್ಯೂಮಿನಿಯಂನಂಥ ಲೋಹಗಳು ಕಾಯಿಲ್‌ನ ಆವರ್ತವನ್ನು ಏರಿಸುತ್ತವೆ, ಕಬ್ಬಿಣದ ಮೊಳೆ ಇಳಿಸುತ್ತದೆ. ಹೀಗಾಗಿ ಸದಾ ಒಂದೇ ಮಗ್ಗುಲಲ್ಲಿ ನಿಂತು ಆಲಿಸಿದರೆ ಬಡಿತ ಚುರುಕಾಯಿತೇ ನಿಧಾನವಾಯಿತೇ ಎಂಬುದರಿಂದಲೇ ಲೋಹದ ಸುಳಿವು ಸಿಗುತ್ತದೆ. ಆದರೆ ಅಗಲವಾದ ತಗಡು, ಡಬ್ಬಿಯ ಮುಚ್ಚಳಗಳು ಕಬ್ಬಿಣವಾಗಿದ್ದರೂ ನಾಣ್ಯದಂತೆ ವರ್ತಿಸಿ ಮೋಸ ಮಾಡುತ್ತವೆ. ಬಿಸಿಲಿನಿಂದ ನೆರಳಿಗೆ ಬಂದರೂ ಸ್ವರ ಸರಿದುಹೋಗುತ್ತದೆ, ಆಗಾಗ ಟ್ಯೂನ್ ಸರಿಪಡಿಸುತ್ತಲೇ ಇರಬೇಕು. ತಂಬೂರಿ ಹಿಡಿದವರಿಗೆ ಇದು ಹೊಸತಲ್ಲ.

ಆರನೆಯ ಹಂತ: ಹಿತ್ತಿಲಿನ ಪರೀಕ್ಷಾ ಪಾತಿ

ಸುಮಾರು ಮೂರಡಿ ಅಗಲ, ಆರಡಿ ಉದ್ದದ ಪಾತಿಯ ಮಣ್ಣನ್ನು ಕುರ್ಪಿಯಿಂದ ಸಡಿಲಿಸಿ, ಜರಡಿ ಹಿಡಿದು, ಹಳೆಯ ಮೊಳೆ, ಕಟ್ಟಡದ ಕಾಲದ ಕಟ್ಟುತಂತಿ, ಗುಟ್ಕಾ ಪೊಟ್ಟಣಗಳನ್ನೆಲ್ಲ ಹೆಕ್ಕಿ ತೆಗೆಯಿರಿ. ಮನೆಯ ಪಿಲ್ಲರು, ಕಾಂಪೌಂಡಿನ ಗೇಟುಗಳಿಂದ ದೂರವಿರಿ. ಒಳಗಿನ ಕಂಬಿಗಳು ಸುಮ್ಮನಿರಲು ಬಿಡುವುದಿಲ್ಲ. ಆಮೇಲೆ ಒಂದೊಂದು ಅಡಿಗೆ ಒಂದರಂತೆ ವಸ್ತುಗಳನ್ನು ಹೂತು, ಪಕ್ಕದಲ್ಲಿ ಬಿದಿರುಕಡ್ಡಿ ಚುಚ್ಚಿ. ನಾನು ಆರಿಸಿದವು ಇವು: ಅಜ್ಜಿಯ ಡಬ್ಬಿಯಲ್ಲಿದ್ದ, 1943ರಿಂದ 1947ರವರೆಗೆ ಬಂದ ತೂತಿನ ಕಂಚಿನ ಕಾಸು, ಅಲ್ಯೂಮಿನಿಯಂನ ಆರು ಮೂಲೆಯ ಮೂರು ಪೈಸೆ, ಇಂದಿನ ಸ್ಟೀಲ್ ಒಂದು ರೂಪಾಯಿ, ಒಂದು ತುಕ್ಕುಮೊಳೆ, ಒಂದು ಸೋಡಾ ಬಾಟಲಿಯ ಮುಚ್ಚಳ. ಮೊದಲು ಒಂದು ಇಂಚು, ಆಮೇಲೆ ಎರಡು, ಆಮೇಲೆ ಮೂರು. ಒಂದು ನಾಣ್ಯವನ್ನು ಮೂರು ನಾಲ್ಕು ಇಂಚಿನಲ್ಲಿ ಹಿಡಿದರೆ ಬಿಎಫ್ಒ ತನ್ನ ಶಕ್ತಿಮೀರಿ ದುಡಿದಿದೆ ಎಂದೇ ತಿಳಿಯಿರಿ. ತೂತಿನ ಕಾಸು ಉಂಗುರದಂತೆ ಸ್ಪಷ್ಟವಾಗಿ ಉತ್ತರಿಸುತ್ತದೆ. ಸ್ಟೀಲ್ ರೂಪಾಯಿ ಅಯಸ್ಕಾಂತಕ್ಕೆ ಅಂಟುವ ಜಾತಿಯಾದ್ದರಿಂದ ಅದರ ಮಾತು ಗೊಂದಲದ್ದು.

ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳು ಇರುವುದರಿಂದ, ಕಾಯಿಲನ್ನು ನೆಲದಿಂದ ಒಂದಿಂಚು ಎತ್ತಿದರೂ ಇಳಿಸಿದರೂ ಬಿಎಫ್ಒ ಸ್ವರ ಬದಲಾಗುತ್ತದೆ. ಅದಕ್ಕೆ ಪರಿಹಾರ ಕೈಯಲ್ಲಿದೆ: ಟ್ಯೂನ್ ಮಾಡುವಾಗಲೇ ಕಾಯಿಲನ್ನು ನೆಲಕ್ಕೆ ಎರಡಿಂಚು ಎತ್ತರದಲ್ಲಿ ಹಿಡಿದು, ಗಾರೆಯವರು ಮಟ್ಟಗೋಲು ಎಳೆಯುವಂತೆ ಅದೇ ಎತ್ತರದಲ್ಲಿ ಬೀಸಬೇಕು. ವಿಎಲ್ಎಫ್ ಇದ್ದವರು ಕಾಯಿಲನ್ನು ಮೇಲೆ ಕೆಳಗೆ ಆಡಿಸುತ್ತ, ಎರಡೂ ಕಡೆ ಸ್ವರ ಒಂದೇ ಆಗುವವರೆಗೆ ‘ಗ್ರೌಂಡ್’ ತಿರುಪನ್ನು ಹೊಂದಿಸಿಕೊಂಡರೆ ಮುಗಿಯಿತು.

ಪಾತಿಯ ಬಳಿ ನಾನು ಹೀಗೆ ಕೋಲು ಬೀಸುತ್ತಿದ್ದಾಗ ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, ‘ಏನಪ್ಪಾ, ಕೊಪ್ಪರಿಗೆ ಸಿಕ್ತಾ?’ ಎಂದರು. ‘ಇಲ್ಲ ಅಜ್ಜಿ, ನಾನೇ ಹೂತಿಟ್ಟಿದ್ದ ಮೂರು ಪೈಸೆ ಸಿಕ್ತು’ ಎಂದೆ. ಹೂತಿಟ್ಟವನಿಗೇ ಹುಡುಕಲು ಯಂತ್ರ ಬೇಕೇ ಎಂಬಂತೆ ಅವರು ನೋಡಿದ ನೋಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಏಳನೆಯ ಹಂತ: ಕಾಪಾಡುವುದು

ಬಳಕೆ ಮುಗಿದ ದಿನವೇ ಸೆಲ್ಲುಗಳನ್ನು ಹೊರತೆಗೆಯಿರಿ. ಕೋಲನ್ನು ಗೋಡೆಗೆ ಒರಗಿಸಿದರೆ ಬಿಲ್ಲೆಯ ಮೇಲೆ ಭಾರ ಬೀಳುತ್ತದೆ, ಆದುದರಿಂದ ಹಿಡಿಯ ಕಡೆಯಿಂದ ತೂಗುಹಾಕಿ. ಹಳೆಯ ಬಣ್ಣ, ಅಳಿಸಿಹೋಗುತ್ತಿರುವ ಅಕ್ಷರಗಳು, ಹಿಡಿಯ ಮೇಲಿನ ಬೆವರಿನ ಕಲೆ, ಇವನ್ನು ಹೊಳಪಿಸಲು ಹೋಗಬೇಡಿ. ಪೆಟ್ಟಿಗೆಯ ಒಳಗೋಡೆಗೆ ಒಂದು ಲಕೋಟೆ ಅಂಟಿಸಿ, ಯಾವ ದಿನ ಯಾವ ಭಾಗವನ್ನು ಬದಲಿಸಿದಿರಿ, ಬ್ಯಾಟರಿಯ ಪ್ಲಸ್ ಯಾವ ಕಡೆ ಎಂದು ಬರೆದಿಟ್ಟು, ಬಿಚ್ಚಿದ ಮೂಲ ಭಾಗಗಳನ್ನೂ ಅದರೊಳಗೇ ಹಾಕಿ. ನನ್ನ ಪೆಟ್ಟಿಗೆಯ ಲಕೋಟೆಯಲ್ಲಿ ಒಣಗಿದ ಮೂರು ಕೆಪಾಸಿಟರ್‌ಗಳ ಜೊತೆ, ನಾನೇ ಕೊಂದ ಆ ಎಸಿ128 ಕೂಡ ಇದೆ.